ಖುಲಾಸೆಯಾದ ಪಾರಿವಾಳಗಳು

ಕಳೆದ ತಿಂಗಳು ನಮ್ಮ ಶಾಲೆಯ ಸೈಕಲ್ ಶೆಡ್ಡಿನ ಹಳೇ ಸಿಮೆಂಟ್ ಶೀಟುಗಳನ್ನು ತೆಗೆಯಲು ಇಬ್ಬರು ಬಂದಿದ್ದರು. ನಾನು ಒಂಬತ್ತನೇ ತರಗತಿಯಲ್ಲಿ ಸಂಧಿ ಹೇಳಿಕೊಡುತ್ತಿದ್ದೆ. ಕಿಟಕಿಯಾಚೆ ಕೊಯ್ಯುವ ಮಷೀನು ಕಿರ್ರೆಂದಿತು. ಅದರ ಹಿಂದೆಯೇ ಒಂದು ವಾಸನೆ ಬಂತು. ಒಣ ಸುಣ್ಣವನ್ನೂ ಸುಟ್ಟ ಕಲ್ಲನ್ನೂ ಒಟ್ಟಿಗೆ ಅರೆದಂಥ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ಹಿಡಿದುಕೊಂಡು ಓಡಿದೆ.

"ನಿಲ್ಸ್ರಿ ಮೊದ್ಲು! ಅದನ್ನ ಕೊಯ್ಯಬ್ಯಾಡ್ರಿ! ನೀರು ಚಿಮುಕಿಸಿ ಇಡಿಯಾಗಿ ಬಿಚ್ಚಿರಿ. ಬಾಯಿ ಮೂಗಿಗೆ ಮಾಸ್ಕ್ ಹಾಕ್ಕಳ್ರಿ!"

ಮಷೀನು ಹಿಡಿದವನು ಗಾಬರಿಯಾಗಿ ಕೆಳಗಿಟ್ಟ. "ಏನ್ ಮೇಡಂ, ಹಾವು ಗೀವು ಕಂಡ್ರಾ?" ಎಂದ. ಹೆಡ್‌ಮಾಸ್ತರು ಆಫೀಸಿನಿಂದ ಹೊರಗೆ ಬಂದರು. ಆ ಶೀಟಿನೊಳಗೆ ಆಸ್ಬೆಸ್ಟಾಸ್, ಅಂದರೆ ಕಲ್ನಾರಿನ ಎಳೆ ಇರುತ್ತದೆ, ಕೊಯ್ದರೆ ಹಾರುತ್ತದೆ ಎಂದು ಅವರಿಗೆ ಎರಡೇ ಮಾತಿನಲ್ಲಿ ಹೇಳಿದೆ. ಮಿಕ್ಕಿದ್ದನ್ನು ಹೇಳಲಾಗಲಿಲ್ಲ. ಆ ವಾಸನೆ ಬಂದ ಕೂಡಲೇ ನನಗೆ ನೆನಪಾದದ್ದು ರೋಗವಲ್ಲ, ಆಸ್ಪತ್ರೆಯೂ ಅಲ್ಲ. ತೆಂಗಿನ ತುದಿಗಳಿಗಿಂತ ಎಷ್ಟೋ ಮೇಲೆ, ಸಾಸಿವೆ ಕಾಳಿನಷ್ಟಾಗಿ ಸುತ್ತುತ್ತಿದ್ದ ಒಂದು ಹಕ್ಕಿ. ಅದನ್ನು ತೋರಿಸುತ್ತಾ ಕುರ್ಚಿಯಿಂದ ಎದ್ದೇಬಿಟ್ಟಿದ್ದ ಪಕ್ಕದ ಮನೆಯ ಚಾಚಾ…

ಹೊಸದುರ್ಗಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ನಾನು ಒಬ್ಬಳೇ ಒಂದು ಬಾಡಿಗೆ ಮನೆ ಹಿಡಿದಿದ್ದೆ. ನನ್ನ ತಾರಸಿಗೂ ಪಕ್ಕದ ತಾರಸಿಗೂ ನಡುವೆ ಮೊಣಕಾಲೆತ್ತರದ ಗೋಡೆ. ಒಂದು ಭಾನುವಾರ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟು ಕೆಳಗಿಳಿದು ಬರುವಷ್ಟರಲ್ಲಿ ಅದರ ಮೇಲೆಲ್ಲ ಪಾರಿವಾಳ! ಪೊರಕೆ ಎತ್ತಿಕೊಂಡು ನುಗ್ಗಿದೆ. ಆಚೆಯಿಂದ ಕೂಗು ಬಂತು.

"ಹೊಡೀಬ್ಯಾಡ್ರಿ ಟೀಚರಮ್ಮ! ಅದು ಬೆಳಿಗ್ಗೆಯಿಂದ ಆಕಾಶದಾಗಿತ್ತು, ಈಗ ಇಳಿದೈತೆ! ಹಸಿವಾಗಿರ್ತದೆ!"

ಬನಿಯನ್ನು, ಚೌಕಳಿ ಲುಂಗಿ, ಗೋರಂಟಿ ಹಚ್ಚಿದ ಗಡ್ಡ. ಗೋಡೆ ದಾಟಿ ಬಂದವರೇ ಒಂದು ಬೂದು ಹಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದರು. "ಇಲ್ಲಿ ಬೆರಳು ಇಡ್ರಿ, ಎದೆ ಮ್ಯಾಲೆ. ಹೆದರಬ್ಯಾಡ್ರಿ." ಇಟ್ಟೆ. ಅಬ್ಬಾ! ಆ ಪುಟ್ಟ ಎದೆಯೊಳಗೆ ಅಷ್ಟು ಜೋರಾಗಿ ಏನೋ ಓಡುತ್ತಿತ್ತು. "ಕಂಡ್ತಾ? ಇಂಜಿನ್ನು! ಲಾರಿ ಇಂಜಿನ್ನು ಇದರ ಮುಂದೆ ಏನೂ ಇಲ್ಲ!" ಎಂದು ಅವರು ನಕ್ಕರು. ಸಂಡಿಗೆಯ ಕಥೆ ಅಲ್ಲಿಗೆ ಮುಗಿಯಿತು. ಮರುವಾರದಿಂದ ನಾನೂ ಕತ್ತು ಮೇಲೆತ್ತಿ ನಿಲ್ಲುವವಳಾದೆ.

ಬೀದಿಗೆಲ್ಲ ಅವರು ಚಾಚಾ. ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಯಾವುದನ್ನೂ ಕೂತು ಹೇಳಲು ಬಾರದ ಮನುಷ್ಯ. ಹೇಳುತ್ತಾ ಹೇಳುತ್ತಾ ಎದ್ದು ನಿಲ್ಲುತ್ತಿದ್ದರು, ಕೈಯನ್ನು ರೆಕ್ಕೆ ಮಾಡುತ್ತಿದ್ದರು. ಇಡೀ ದಿನ ಇಳಿಯದೆ ಹಾರುವ ಜಾತಿಯ ಪಾರಿವಾಳಗಳನ್ನು ಸಾಕಿದ್ದರು. ಸಂಜೆ ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ ಹಾಕಿದರೆ ತಾಲ್ಲೂಕು ಆಫೀಸಿನ ಹತ್ತಿರ ನಿಂತವರಿಗೂ ಕೇಳುತ್ತಿತ್ತು. ಆ ಸಿಳ್ಳೆಗೆ ಮೇಲಿನ ಚುಕ್ಕಿಗಳೆಲ್ಲ ಒಂದೇ ಸಲ ಓರೆಯಾಗಿ, ಸುತ್ತು ಕಿರಿದಾಗುತ್ತಾ ಆಗುತ್ತಾ ತಾರಸಿಗೆ ಇಳಿಯುತ್ತಿದ್ದವು. ನನಗೆ ಆ ಇಳಿಯುವ ಗಳಿಗೆಯ ಹುಚ್ಚು ಹತ್ತಿತು. ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದರೂ ಸಿಳ್ಳೆ ಕೇಳಿದರೆ ಪೆನ್ನು ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೆ.

ಅವರ ಹೆಂಡತಿ ಚಾಚಿಗೆ ಮಾತ್ರ ಹಕ್ಕಿಗಳನ್ನು ಕಂಡರಾಗದು. "ನಿಕಾ ಆದಾಗಿಂದ ಈ ಮನುಷ್ಯ ನನ್ನ ಮುಖ ನೋಡಿದ್ದು ಕಡಿಮೆ, ಆಕಾಶ ನೋಡಿದ್ದೇ ಜಾಸ್ತಿ ಟೀಚರಮ್ಮ" ಎನ್ನುತ್ತಿದ್ದರು. ಚಾಚಾ ಎಲ್ಲಕ್ಕಿಂತ ಹೆಚ್ಚು ಮುದ್ದು ಮಾಡುತ್ತಿದ್ದ ಆ ಬೂದು ಹೆಣ್ಣು ಹಕ್ಕಿಗೆ ಚಾಚಿ ಇಟ್ಟ ಹೆಸರು ಸವತಿ. ಹೆಸರು ಬೀದಿಗೆಲ್ಲ ಹಬ್ಬಿತು. ಕೊನೆಗೆ ಚಾಚಾ ಕೂಡ ಹಾಗೇ ಕರೆಯತೊಡಗಿದರು.

ಪ್ರತಿ ಬೇಸಿಗೆಯಲ್ಲೂ ಪಂದ್ಯ ನಡೆಯುತ್ತಿತ್ತು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಐಮಂಗಲ, ಎಲ್ಲ ಕಡೆಯೂ ಒಂದೇ ದಿನ, ಅವರವರ ತಾರಸಿಯಿಂದ ಅವರವರ ಹಕ್ಕಿ. ಬೆಳಕು ಹರಿಯುವಾಗ ಬಿಡಬೇಕು. ಯಾರ ಹಕ್ಕಿ ಎಲ್ಲಕ್ಕಿಂತ ಕೊನೆಗೆ ಇಳಿಯುತ್ತದೋ ಅವರು ಗೆದ್ದಂತೆ. ಆದರೆ ಇನ್ನೊಂದು ಮಾತಿತ್ತು: ಸಂಜೆ ಬೀದಿ ದೀಪ ಹತ್ತುವ ಮುಂಚೆ ಅದು ತನ್ನ ಮನೆಯ ಮೇಲೆಯೇ ಕೂರಬೇಕು. ಕತ್ತಲಾದರೂ ಮೇಲೇ ಉಳಿದರೆ, ಎಷ್ಟು ಹಾರಿದ್ದರೂ ಸೋಲು. ಚಾಚಾರ ಎದುರಾಳಿ ಐಮಂಗಲದ ಗೌಡರು. ಕುರಿ ಸಾಕುವ ಮನೆತನ, ಹೈವೇ ಪಕ್ಕದಲ್ಲಿ ಮನೆ, ಮನೆಯ ಮೇಲೆ ಪಾರಿವಾಳದ ಗೂಡು. ಗೆದ್ದವರಿಗೆ ಕೊಡುವ ಕಪ್ಪು ಎಷ್ಟೋ ವರ್ಷಗಳಿಂದ ಗೌಡರ ಮನೆಯಲ್ಲೇ ಕೂತಿತ್ತು. "ಆ ಕಪ್ಪಿನಾಗೆ ಗೌಡ್ರು ಮಜ್ಜಿಗೆ ಕುಡೀತಾರಂತೆ ಟೀಚರಮ್ಮ! ನನ್ನ ಕೈಲಿ ತಡಕಣಕಾಗಲ್ಲ!" ಎಂದು ಚಾಚಾ ಕುಣಿದಾಡುತ್ತಿದ್ದರು.

ಒಂದು ಸಂಜೆ ಸಿಳ್ಳೆ ಅರ್ಧಕ್ಕೇ ನಿಂತಿತು.

ನಾನು ಮೇಲೆ ಹೋದಾಗ ಅವರು ಗೋಡೆಗೆ ಒರಗಿ ಬಲಪಕ್ಕೆ ಒತ್ತಿಕೊಂಡಿದ್ದರು. "ಏನಿಲ್ಲ, ಮೆಟ್ಲು ಜಾಸ್ತಿ ಆಗ್ಯಾವೆ ಅಷ್ಟೇ" ಎಂದರು. ಮೆಟ್ಟಿಲು ಅಷ್ಟೇ ಇದ್ದವು. ಮಳೆಗಾಲ ಬರುವ ಹೊತ್ತಿಗೆ ಅವರು ಮಲಗಿ ನಿದ್ದೆ ಮಾಡುವುದು ನಿಂತು, ದಿಂಬಿಗೆ ಒರಗಿ ಕೂತೇ ರಾತ್ರಿ ಕಳೆಯುವಂತಾಯಿತು. ಎಕ್ಸ್‌ರೇಯಲ್ಲಿ ಒಂದು ಕಡೆಯ ಎದೆ ಅರ್ಧಕ್ಕರ್ಧ ಬೆಳ್ಳಗೆ ಕಾಣುತ್ತಿತ್ತು. ನೀರು ತುಂಬಿದೆ ಎಂದರು. ಬೆನ್ನಿನ ಕಡೆಯಿಂದ ಸೂಜಿ ಹಾಕಿ ನೀರು ತೆಗೆದರು. ಮೇಜಿಗೆ ಬಾಗಿ ಕೂತ ಚಾಚಾ ಬಾಟಲಿ ತುಂಬುವುದನ್ನು ಓರೆಗಣ್ಣಿಂದ ನೋಡಿ, "ನಮ್ಮ ಊರಾಗೆ ಬೋರ್‌ವೆಲ್ ಎಲ್ಲ ಬತ್ತಿ ಹೋಗ್ಯಾವೆ ಡಾಕ್ಟ್ರೆ, ನನ್ನ ಎದೆಯಾಗೆ ನೋಡಿದ್ರೆ ಇಷ್ಟು ನೀರು!" ಎಂದರಂತೆ. ಸೂಜಿ ಹಿಡಿದಿದ್ದ ಡಾಕ್ಟರು ನಗುವ ಹಾಗಿಲ್ಲ, ನಗದೆ ಇರುವ ಹಾಗೂ ಇಲ್ಲ. ನೀರು ಹೋದ ಮೇಲೆ ಚಾಚಾ ಮನೆಗೆ ಬಂದು ತಾರಸಿ ಹತ್ತಿ ಸಿಳ್ಳೆ ಹಾಕಿಯೇಬಿಟ್ಟರು. ವಾಸಿಯಾಯಿತು ಎಂದು ಬೀದಿಯೇ ಖುಷಿಪಟ್ಟಿತು.

ನೀರು ಮತ್ತೆ ತುಂಬಿತು. ಎದೆಯಲ್ಲಿ ನೀರು ಎಂದರೆ ನಮ್ಮ ಕಡೆ ಮೊದಲ ಅನುಮಾನ ಟಿಬಿಯ ಮೇಲೆ, ಅದು ಸಹಜವೂ ಹೌದು. ಆ ಮಾತ್ರೆಗಳನ್ನು ತಪ್ಪದೆ ನುಂಗಿದರು. ಆದರೂ ನೀರು ಬರುವುದು ನಿಲ್ಲಲಿಲ್ಲ. ಆಗ ಯಾರೋ ಚಾಚಿಯನ್ನು ಕೇಳಿದರು: ಮನೆಯಲ್ಲಿ ಪಾರಿವಾಳ ಇದಾವಾ? ಅವುಗಳ ರೆಕ್ಕೆಯ ಧೂಳಿನಿಂದ ಶ್ವಾಸಕೋಶ ಹಾಳಾಗುತ್ತದೆ, ಗೊತ್ತಿಲ್ಲವಾ?

ಅಷ್ಟು ಸಾಕಾಯಿತು. ಚಾಚಿ ಗೂಡಿನ ಮುಂದೆ ನಿಂತು ಅತ್ತರು. "ನನ್ನ ಗಂಡನ್ನ ತಿಂತಾ ಇದೀರಲ್ಲ! ಕಾಳು ಹಾಕಿದ ಕೈನೇ ತಿಂತಾ ಇದೀರಲ್ಲ!" ಎಂದು ಹಕ್ಕಿಗಳನ್ನು ಬೈದರು. ಕೆಳಗೆ ಚಾಚಾ ಕಿವಿ ಮುಚ್ಚಿಕೊಂಡು ಕೂತಿದ್ದರು. ಎಲ್ಲ ಹಕ್ಕಿಗಳನ್ನೂ ಒಯ್ಯಿರಿ ಎಂದು ಚಾಚಿಯೇ ಐಮಂಗಲಕ್ಕೆ ಫೋನು ಮಾಡಿಸಿದರು. ಗೌಡರು ಬಿದಿರಿನ ಬುಟ್ಟಿಗಳನ್ನು ಹೊತ್ತು ಬಂದರು. ಗೂಡಿನ ಮುಂದೆ ಕೈ ಕಟ್ಟಿ ನಿಂತರು. ಸವತಿಯನ್ನು ಎತ್ತಿ, ರೆಕ್ಕೆ ಬಿಚ್ಚಿ ನೋಡಿ, ಮತ್ತೆ ಒಳಗೆ ಬಿಟ್ಟರು. ಕೆಳಗೆ ಬಂದು ಚಾಚಾರ ಮಂಚದ ಪಕ್ಕ ಕೂತರು.

"ಸಾಬ್ರೆ, ಇವನ್ನ ನಾನು ಒಯ್ದ್ರೆ ಆಮೇಲೆ ಯಾರ ಕೂಟ ಪಂದ್ಯ ಕಟ್ಲಿ? ನಮ್ಮ ಕುರಿಗಳ ಕೂಟ ಕಟ್ಲಾ?"

ಬುಟ್ಟಿಗಳು ಖಾಲಿಯಾಗಿಯೇ ಬಸ್ಸು ಹತ್ತಿದವು. ಕೊನೆಗೆ ಒಂದು ಒಪ್ಪಂದವಾಯಿತು. ಚಾಚಾ ಮೇಲೆ ಹತ್ತಬಾರದು. ಹಕ್ಕಿಗಳನ್ನು ಚಾಚಿ ನೋಡಿಕೊಳ್ಳುವುದು. ಅಂದಿನಿಂದ ದಿನಾ ನನ್ನ ತಾರಸಿಯಿಂದ ನಾನು ನೋಡುತ್ತಿದ್ದೆ. ದುಪಟ್ಟಾವನ್ನು ಮೂಗಿಗೆ ಬಿಗಿದು ಕಟ್ಟಿಕೊಂಡ ಚಾಚಿ ಒಂದು ಕೈಯಲ್ಲಿ ಸಜ್ಜೆ ಎರಚುತ್ತಾ, ಬಾಯಿ ತುಂಬ ಬೈಯುತ್ತಾ ಓಡಾಡುವುದು. "ತಿನ್ನು ಸವತಿ, ತಿನ್ನು! ಮನೆ ಹಾಳು ಮಾಡಾಕೆ ಬಂದೀಯ, ಹೊಟ್ಟೆ ತುಂಬಾ ತಿನ್ನು!" ಸಂಜೆ ಅವು ಇಳಿಯದಿದ್ದರೆ ಇನ್ನೂ ಜೋರು ಬೈಗುಳ. ಹಕ್ಕಿಗಳು ಕತ್ತು ಓರೆ ಮಾಡಿ ಕೇಳಿಸಿಕೊಂಡು ಕಾಳು ಹೆಕ್ಕುತ್ತಿದ್ದವು.

ಚಿತ್ರದುರ್ಗದಲ್ಲಿ ಎದೆ ರೋಗದ ಡಾಕ್ಟರಮ್ಮ ಒಬ್ಬರಿದ್ದಾರೆ ಎಂದು ಕೇಳಿ ಅಲ್ಲಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಚಾಚಾರ ಮಗಳನ್ನು ಹಿರಿಯೂರಿಗೆ ಕೊಟ್ಟಿತ್ತು, ಆಗ ಅವಳು ಬಾಣಂತಿ, ಬರುವಂತಿರಲಿಲ್ಲ. ಡಾಕ್ಟರಮ್ಮನಿಗೆ ನನ್ನಷ್ಟೇ ವಯಸ್ಸು. ಫಿಲ್ಮುಗಳನ್ನೆಲ್ಲ ದೀಪಕ್ಕೆ ಹಿಡಿದು ನೋಡಿದರು. ಮಾತ್ರೆಗಳ ಬಗ್ಗೆ ಕೇಳಿದರು, ಬೀಡಿ ಸೇದುತ್ತಿದ್ದಿರಾ ಎಂದು ಕೇಳಿದರು. ಆಮೇಲೆ,

"ಕೆಲಸ ಏನು ನಿಮ್ಮದು?"

"ಕೊಬ್ಬರಿ ವ್ಯಾಪಾರ ಡಾಕ್ಟರಮ್ಮ."

"ಅದಕ್ಕೂ ಮುಂಚೆ?"

ಚಾಚಾಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮುಖ ಅರಳಿತು. "ಅದಕ್ಕೂ ಮುಂಚೆ ನಾನು ಶೀಟ್ ಹಾಕ್ತಿದ್ದೆ! ಹೊಳಲ್ಕೆರೆ, ರಾಮಗಿರಿ, ಹೊಸದುರ್ಗ, ಯಾವ ಗೋದಾಮು ನೋಡಿದ್ರೂ ನನ್ನ ಕೈದೇ! ಒಂದು ಹನಿ ಸೋರ್ತಿರ್ಲಿಲ್ಲ!"

"ಸಿಮೆಂಟ್ ಶೀಟಾ? ಕಲ್ನಾರಿದ್ದಾ?"

"ಹೂಂ, ಅದೇ. ಅಳತೆಗೆ ಗರಗಸದಾಗೆ ಕೊಯ್ಯೋದು. ಹಿಟ್ಟಿನ ಗಿರಣಿಯಾಗೆ ನಿಂತಂಗೆ ಹಾರೋದು ನೋಡ್ರಿ! ತಲೆ, ಮೀಸೆ ಎಲ್ಲ ಬೆಳ್ಳಗೆ. ಮನೆಗೆ ಬಂದ್ರೆ ಇವಳು ಮುದುಕ ಬಂದ ಅಂತ ನಗೋಳು."

ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟರು. ಎಷ್ಟು ವರ್ಷ ಆ ಕೆಲಸ ಮಾಡಿದಿರಿ ಎಂದು ಕೇಳಿದರು. ಮದುವೆಗೆ ಮುಂಚಿನಿಂದ ಹಿಡಿದು ಮಗಳು ಓಡಾಡುವವರೆಗೂ ಎಂದರು ಚಾಚಾ. ಆಮೇಲೆ ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರು ಅದನ್ನು ಮರೆತೇ ಬಿಟ್ಟಿದ್ದರು.

ಎದೆಯೊಳಗಿನಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕೆಂದು ದಾವಣಗೆರೆಗೆ ಬರೆದುಕೊಟ್ಟರು. ಅದೂ ಆಯಿತು. ಫಲಿತಾಂಶ ಬಂದ ದಿನ ನಾವು ಮೂವರೂ ಮತ್ತೆ ಆ ಡಾಕ್ಟರಮ್ಮನ ಮುಂದೆ ಕೂತೆವು. ಅವರು ನಿಧಾನವಾಗಿ, ಒಂದೊಂದೇ ಮಾತು ಇಟ್ಟು ಹೇಳಿದರು. ಶ್ವಾಸಕೋಶದ ಸುತ್ತ, ಹೊರಗಡೆಯಿಂದ ಒಂದು ತೆಳ್ಳನೆಯ ಪೊರೆ ಹೊದ್ದಂತೆ ಇರುತ್ತದೆ. ನಾವು ಉಸಿರಾಡುವಾಗ ಶ್ವಾಸಕೋಶ ಜಾರಿಕೊಂಡು ಆಡುವುದು ಆ ಪೊರೆಯಿಂದಲೇ. ಕಲ್ನಾರಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಉಸಿರಿನ ಜೊತೆ ಒಳಗೆ ಹೋಗಿ ಆ ಪೊರೆಗೆ ನಾಟಿಕೊಂಡು ಕೂರುತ್ತದೆ. ಹತ್ತಾರು ವರ್ಷ ಸುಮ್ಮನಿದ್ದು ಆಮೇಲೆ ಗಡ್ಡೆ ಎಬ್ಬಿಸುತ್ತದೆ. ಮೀಸೋಥೀಲಿಯೋಮಾ ಎಂದು ಅದರ ಹೆಸರು. ನೀರು ಬರುತ್ತಿದ್ದದ್ದು ಅದರಿಂದ. ಔಷಧಿ ಕೊಟ್ಟು ಸ್ವಲ್ಪ ತಡೆಯಬಹುದು, ನೀರು ತುಂಬದ ಹಾಗೆ ಮಾಡಬಹುದು, ನೋವು ಕಡಿಮೆ ಮಾಡಬಹುದು. ಪೂರ್ತಿ ವಾಸಿ ಮಾಡಲಾಗದು.

ಚಾಚಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಚಾಚಾ ಮುಂದಕ್ಕೆ ಬಾಗಿದರು.

"ಅಂದ್ರೆ ಡಾಕ್ಟರಮ್ಮ… ಪಾರಿವಾಳದಿಂದ ಬಂದಿದ್ದಲ್ಲ?"

"ಅಲ್ಲ. ಪಾರಿವಾಳದ ಧೂಳಿನಿಂದ ಬರೋ ಕಾಯಿಲೆ ಬೇರೆ ಇದೆ, ಅದು ಸುಳ್ಳಲ್ಲ. ಅದು ಶ್ವಾಸಕೋಶದ ಒಳಗಡೆ ಆಗೋದು. ನಿಮ್ಮದು ಅದಲ್ಲ."

"ಇನ್ನೊಂದು ಸಲ ಹೇಳ್ರಿ. ಸ್ವಲ್ಪ ಜೋರಾಗಿ ಹೇಳ್ರಿ, ನಮ್ಮ ಮನೆಯವಳು ಕೇಳ್ಲಿ."

"ಪಾರಿವಾಳದಿಂದ ಬಂದಿದ್ದಲ್ಲ."

ಚಾಚಾ ಎದ್ದು ನಿಂತರು. ಆ ಏದುಸಿರಿನಲ್ಲೇ ಎರಡೂ ಕೈ ಮೇಲೆತ್ತಿದರು. "ಖುಲಾಸೆ! ಟೀಚರಮ್ಮ, ಕೇಳಿದ್ರಾ? ನನ್ನ ಹಕ್ಕಿಗಳು ಖುಲಾಸೆ! ಕೇಸು ವಜಾ!" ಬಾಗಿಲ ಆಚೆ ಕೂತಿದ್ದ ರೋಗಿಗಳು ಇಣುಕಿ ನೋಡಿದರು. ಡಾಕ್ಟರಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ, "ನಾನು ಹೇಳಿದ್ದು ಅವರಿಗೆ ಅರ್ಥ ಆಯ್ತಾ?" ಎಂದರು. ಚಾಚಾಗೆ ಅದು ಕೇಳಿಸಿತು.

"ಅರ್ಥ ಆಗೈತೆ ಡಾಕ್ಟರಮ್ಮ. ವಾಸಿ ಆಗಲ್ಲ ಅಂದ್ರಿ. ಅದು ಅರ್ಥ ಆತು. ಆದ್ರೆ ಇವಳು ಇಷ್ಟು ದಿನ ನನ್ನ ಹಕ್ಕಿಗಳ ಮುಖ ನೋಡಿ ನೋಡಿ ಅಳ್ತಿದ್ಲು. ನಾನು ಸಾಕಿದ್ದೇ ನನ್ನ ಕೊಂದ್ವು ಅಂತ ಇವಳು ಅನ್ಕಂಡಿರೋದು ನನ್ನ ಕೈಲಿ ನೋಡಕಾಗ್ತಿರ್ಲಿಲ್ಲ. ಇನ್ನು ಮ್ಯಾಲೆ ಅದಿಲ್ಲವಲ್ಲ."

ಆ ಕೋಣೆಯಲ್ಲಿ ಅಳಬೇಕೋ ನಗಬೇಕೋ ಯಾರಿಗೂ ತಿಳಿಯಲಿಲ್ಲ. ನಾನು ಎರಡನ್ನೂ ಮಾಡಿದೆ ಎಂದು ಕಾಣುತ್ತದೆ.

ಆಗ ಡಾಕ್ಟರಮ್ಮ ಇನ್ನೊಂದು ಪ್ರಶ್ನೆ ಕೇಳಿದರು. "ಆ ಕಾಲದಲ್ಲಿ ನಿಮ್ಮ ಬಟ್ಟೆ ಯಾರು ಒಗೀತಿದ್ರು?"

ಚಾಚಾರ ಕೈ ಕೆಳಗಿಳಿದವು.

"ನಾನೇ" ಎಂದರು ಚಾಚಿ. "ಮೊದ್ಲು ಚೆನ್ನಾಗಿ ಕೊಡವ್ತಿದ್ದೆ. ಬೆಳ್ಳಗೆ ಉದುರೋದು."

ಅವತ್ತೇ ಚಾಚಿಯ ಎದೆಯ ಸ್ಕ್ಯಾನ್ ಆಯಿತು. ಅದು ಬರುವವರೆಗೂ ಚಾಚಾ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದು, ನೆಲ ನೋಡುತ್ತಾ. ತನ್ನ ಸಾವಿನ ಸುದ್ದಿಗೆ ಕೈ ಎತ್ತಿ ಕುಣಿದ ಮನುಷ್ಯ! ನಾನು ನೀರು ಕೊಟ್ಟೆ, ಕುಡಿಯಲಿಲ್ಲ. "ನಗ್ತಾ ಕೊಡವೋಳು ಟೀಚರಮ್ಮ…" ಎಂದರು.

ಒಳಗೆ ಕರೆದರು. ಡಾಕ್ಟರಮ್ಮ ಫಿಲ್ಮಿನ ಮೇಲೆ ಬೆರಳಿಟ್ಟು ತೋರಿಸಿದರು. ಚಾಚಿಯ ಪೊರೆಯ ಮೇಲೂ ಅಲ್ಲಲ್ಲಿ ಗಟ್ಟಿಯಾದ ಮಚ್ಚೆಗಳಿದ್ದವು. ಆ ಧೂಳು ಒಳಗೆ ಹೋಗಿದ್ದಕ್ಕೆ ಅದು ಗುರುತು, ಗಡ್ಡೆಯಲ್ಲ, ಅದರಿಂದ ತೊಂದರೆಯೂ ಇಲ್ಲ. ನೀರಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗಿ, ಉಸಿರಿಗೆ ಕಷ್ಟವಾದರೆ ಕೂಡಲೇ ಬನ್ನಿ ಎಂದರು.

ಹೊರಗೆ ಬಂದವರೇ ಚಾಚಾ ರಸ್ತೆ ದಾಟಿದರು. ಎದುರಿಗಿದ್ದ ಗಾಡಿಯವನಿಗೆ, "ಮೆಣಸಿನಕಾಯಿ ಬೋಂಡ ಎಷ್ಟೈತೋ ಅಷ್ಟೂ ಹಾಕಪ್ಪ! ಮಂಡಕ್ಕಿ ಕಲಸು! ನಿಂತಿರೋರಿಗೆಲ್ಲ ಕೊಡು!" ಎಂದರು. ಗುರುತು ಪರಿಚಯವಿಲ್ಲದ ಆಟೋದವರು, ಯಾರದೋ ಅಜ್ಜಿ, ಕಾಲೇಜು ಹುಡುಗಿಯರು ಎಲ್ಲರೂ ನಮ್ಮ ಜೊತೆ ಮಂಡಕ್ಕಿ ತಿಂದರು. ಏನು ವಿಶೇಷ ಎಂದು ಒಬ್ಬರು ಕೇಳಿದರು. "ನಮ್ಮ ಮನೆಯವಳು ಪಾಸು!" ಎಂದರು ಚಾಚಾ. ಚಾಚಿ ತಲೆ ತಗ್ಗಿಸಿ, ನಾಚಿ, ಬೋಂಡ ಮುರಿಯುತ್ತಾ ಕಣ್ಣೊರೆಸಿಕೊಂಡರು.

ಆ ಬೇಸಿಗೆಯ ಪಂದ್ಯ! ಅದನ್ನು ಹೇಗೆ ಹೇಳಲಿ…

ಹಿಂದಿನ ದಿನವಷ್ಟೇ ಚಿತ್ರದುರ್ಗದಲ್ಲಿ ನೀರು ತೆಗೆಸಿಕೊಂಡು ಬಂದಿದ್ದರು, ಹಟ ಮಾಡಿ. ಬೆಳಗಿನ ಜಾವ ಬೀದಿಯ ನಾಲ್ವರು ಸೇರಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹಾಗೇ ತಾರಸಿಗೆ ಎತ್ತಿಕೊಂಡು ಹೋದರು. "ನವಾಬ ಬಂದ ದಾರಿ ಬಿಡ್ರಿ!" ಎಂದು ಅವರೇ ಕೂಗುತ್ತಿದ್ದರು. ಹಿರಿಯೂರಿನಿಂದ ಬಂದ ಅಂಪೈರು ಹಕ್ಕಿಗಳ ರೆಕ್ಕೆಗೆ ಮುದ್ರೆ ಒತ್ತಿದರು, ನಡುವೆ ಹಕ್ಕಿ ಬದಲಾಯಿಸಬಾರದಲ್ಲ. ಪೂರ್ವ ಕೆಂಪಾಗುತ್ತಲೇ ಗೂಡಿನ ಜಾಲರಿ ತೆಗೆದರು. ಭರ್ರೆಂದು ಎಲ್ಲವೂ ಒಟ್ಟಿಗೆ ಎದ್ದವು. ಆ ಗಾಳಿ ನನ್ನ ಮುಖಕ್ಕೆ ಬಡಿಯಿತು. ನೋಡುನೋಡುತ್ತಾ ತೆಂಗಿನ ತುದಿ ದಾಟಿದವು, ದೂರದ ಗುಡ್ಡದ ಗಾಳಿಯಂತ್ರಗಳ ಎತ್ತರ ದಾಟಿದವು, ಚುಕ್ಕಿಗಳಾದವು.

ಬಿಸಿಲು ಏರಿತು. ನಾನು ರಜೆ ಹಾಕಿ ಛತ್ರಿ ಹಿಡಿದು ಅವರ ಪಕ್ಕದಲ್ಲೇ ಕೂತಿದ್ದೆ. ಮಧ್ಯಾಹ್ನಕ್ಕೆ ಮುಂಚೆ ಗಿಡುಗ ಬಂತು. ಮೋಡದ ಅಂಚಿನಿಂದ ಕಲ್ಲು ಬಿದ್ದಂತೆ ಬಿತ್ತು! ಗುಂಪು ಚೆದುರಿ ಚೆಲ್ಲಾಪಿಲ್ಲಿಯಾಯಿತು. ಚಾಚಾ ನನ್ನ ಕೈ ಹಿಡಿದುಕೊಂಡಿದ್ದ ಬಿಗಿಗೆ ಬಳೆ ಒತ್ತಿ ಗುರುತು ಮೂಡಿತ್ತು. ಗಿಡುಗಕ್ಕೆ ಒಂದೂ ಸಿಗಲಿಲ್ಲ, ಬರಿಗಾಲಲ್ಲಿ ಹೋಯಿತು. ಆದರೆ ಹೆದರಿದ ಹಕ್ಕಿಗಳು ಒಂದೊಂದಾಗಿ ಇಳಿಯತೊಡಗಿದವು. ಇಳಿದಂತೆಲ್ಲ ಅಂಪೈರು ಗಡಿಯಾರ ನೋಡಿ ತಲೆಯಾಡಿಸುತ್ತಿದ್ದರು. ಹೊತ್ತು ವಾಲುವ ವೇಳೆಗೆ ಮೇಲೆ ಉಳಿದದ್ದು ಒಂದೇ ಚುಕ್ಕಿ.

"ಸವತಿ!" ಎಂದರು ಚಾಚಾ. "ನಮ್ಮ ಸವತಿ ಟೀಚರಮ್ಮ! ನೋಡ್ರಿ, ಹೆಂಗೆ ಗಾಳಿ ಮ್ಯಾಲೆ ಕುಂತೈತೆ! ರೆಕ್ಕೇನೇ ಬಡೀತಿಲ್ಲ!" ಎನ್ನುತ್ತಾ ಎದ್ದೇ ನಿಂತರು. ಮೂವರು ಸೇರಿ ಕೂರಿಸಿದೆವು.

ಹೊಳಲ್ಕೆರೆಯ ಹಕ್ಕಿಗಳು ಇಳಿದವೆಂದು ಸುದ್ದಿ ಬಂತು. ಹಿರಿಯೂರಿನವೂ ಇಳಿದವು. ಉಳಿದದ್ದು ಐಮಂಗಲ. ಗೌಡರು ಫೋನಿನಲ್ಲೇ ಇದ್ದರು, ಜೋರು ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಇಟ್ಟಿದ್ದೆವು. "ಸಾಬ್ರೆ, ನಂದಿನ್ನೂ ಮ್ಯಾಲೈತೆ." "ನಂದೂ ಐತೆ ಗೌಡ್ರೆ." ಮತ್ತೆ ಸ್ವಲ್ಪ ಹೊತ್ತಿಗೆ, "ನಂದಿನ್ನೂ ಐತೆ…" ಹೀಗೇ ನಡೆದಿತ್ತು. ಇದ್ದಕ್ಕಿದ್ದಂತೆ ಫೋನಿನಲ್ಲಿ ಗದ್ದಲ. ಆಮೇಲೆ ಗೌಡರ ದನಿ, ಸಣ್ಣದಾಗಿ: "ಇಳೀತು ಸಾಬ್ರೆ."

ನಮ್ಮ ತಾರಸಿ, ಪಕ್ಕದ ತಾರಸಿ, ಕೆಳಗೆ ಬೀದಿ, ಎಲ್ಲ ಕಡೆಯಿಂದ ಹೋ ಎಂದು ಕೂಗು! ಅಂಪೈರು ಕೈ ಎತ್ತಿ ಸುಮ್ಮನಾಗಿಸಿದರು. "ಇನ್ನೂ ಗೆದ್ದಿಲ್ಲ ಕಣ್ರಪ್ಪ. ನಿಮ್ಮ ಹಕ್ಕಿ ಇಳೀಬೇಕು. ಬೀದಿ ದೀಪ ಹತ್ತಿದ್ರೆ ಎಲ್ಲ ಹೋತು."

ಸೂರ್ಯ ಆಗಲೇ ತೆಂಗಿನ ಗರಿಗಳ ನಡುವೆ ಇಳಿದಿದ್ದ. ಸವತಿ ಇನ್ನೂ ಅಲ್ಲೇ, ಅಷ್ಟೇ ಎತ್ತರದಲ್ಲಿ. ಚಾಚಾ ಎರಡು ಬೆರಳು ಬಾಯಿಗಿಟ್ಟರು. ಬರೀ ಗಾಳಿ ಬಂತು. ಮತ್ತೆ ಇಟ್ಟರು. ಕೆಮ್ಮು ಬಂತು, ಪಕ್ಕೆ ಹಿಡಿದುಕೊಂಡು ಬಾಗಿದರು. ಬೀದಿಯ ಗಂಡಸರು ಒಬ್ಬರಾದ ಮೇಲೊಬ್ಬರು ಸಿಳ್ಳೆ ಹಾಕಿದರು. ಗುರುತಿಲ್ಲದ ಸಿಳ್ಳೆಗೆ ಅದು ಬೆದರಿ ಇನ್ನೂ ಮೇಲೇರಿತು. "ನಿಲ್ಸ್ರಿ, ನಿಲ್ಸ್ರೋ!" ಎಂದು ಚಾಚಾ ಗೋಗರೆದರು. ಆಕಾಶ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಹಕ್ಕಿಯದೂ ಅದೇ ಬಣ್ಣ. ಒಂದು ಗಳಿಗೆ ಕಾಣುತ್ತಿತ್ತು, ಇನ್ನೊಂದು ಗಳಿಗೆ ಇಲ್ಲ.

ಆಗ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಚಾಚಿ. ಒಂದು ಕೈಯಲ್ಲಿ ಮಾತ್ರೆ, ಒಂದು ಕೈಯಲ್ಲಿ ನೀರಿನ ಲೋಟ. ಗಂಡ ಬಾಗಿ ಕೆಮ್ಮುವುದನ್ನು ನೋಡಿದರು, ಮೇಲೆ ನೋಡಿದರು. ಸಿಟ್ಟು ನೆತ್ತಿಗೇರಿತು.

"ಲೇ ಸವತಿ! ಇನ್ನೂ ಮ್ಯಾಲೇ ಇದೀಯೇನೇ! ಇಲ್ಲಿ ಅವ್ರಿಗೆ ಉಸಿರು ಹತ್ತಂಗಿಲ್ಲ, ನಿಂಗೆ ಮೆರವಣಿಗೆ! ಇಳೀತೀಯೋ ಇಲ್ಲ ಕೊಡ್ಲೋ ನಾಲ್ಕು! ಬಾರೇ ಕೆಳೀಕೆ!"

ಹಕ್ಕಿ ಓರೆಯಾಯಿತು.

ಮೊದಲು ನನಗೆ ಭ್ರಮೆ ಎನ್ನಿಸಿತು. ಚಾಚಾ ಚಾಚಿಯ ತೋಳು ಹಿಡಿದರು. "ಬೈಯ್ಯಿ! ಇನ್ನೂ ಬೈಯ್ಯಿ! ನಿಲ್ಲಿಸ್ಬ್ಯಾಡ!" ಚಾಚಿಗೂ ಆಗ ಅರ್ಥವಾಯಿತು. ಲೋಟ ನನ್ನ ಕೈಗೆ ತುರುಕಿ, ಗೋಡೆಯ ಅಂಚಿಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು ಶುರು ಮಾಡಿದರು ನೋಡಿ! ತಿಂದ ಸಜ್ಜೆಯ ಲೆಕ್ಕ, ಕೆಡಿಸಿದ ತಾರಸಿಯ ಲೆಕ್ಕ, ಗಂಡನ ಆಯುಷ್ಯದ ಅರ್ಧ ತಿಂದ ಲೆಕ್ಕ. ಅರ್ಧ ಕನ್ನಡ, ಅರ್ಧ ಉರ್ದು. ಆ ತಿಂಗಳುಗಳುದ್ದಕ್ಕೂ ಹಕ್ಕಿಗಳಿಗೆ ಕಾಳು ಎಂದರೆ ಆ ಬೈಗುಳ, ಮನೆ ಎಂದರೆ ಆ ಬೈಗುಳ ಎಂದಾಗಿತ್ತು. ಸವತಿ ಸುತ್ತು ಕಿರಿದು ಮಾಡಿತು. ಇನ್ನೊಂದು ಸುತ್ತು. ರೆಕ್ಕೆ ಮಡಚಿತು. ಗಾಳಿ ಸೀಳುವ ಸದ್ದು ಕೇಳಿಸಿತು. ಚಾಚಿಯ ತಲೆಯ ಮೇಲೆಯೇ ಹಾದು, ಟಪ್ಪೆಂದು ಗೂಡಿನ ಹಲಗೆಯ ಮೇಲೆ ಕೂತಿತು.

ಅಂಪೈರು ಓಡಿ ಹೋಗಿ ರೆಕ್ಕೆ ಬಿಚ್ಚಿ ಮುದ್ರೆ ನೋಡಿ ಕೈ ಎತ್ತುವುದಕ್ಕೂ ಬೀದಿ ದೀಪಗಳು ಹತ್ತುವುದಕ್ಕೂ ನಡುವೆ ಒಂದು ಉಸಿರಷ್ಟೇ ಇತ್ತು. ಆ ಕೂಗು! ನಾನು ಮೇಡಂ ಎನ್ನುವುದನ್ನು ಮರೆತು ಕುಣಿದೆ. ಕೈಯಲ್ಲಿದ್ದ ಲೋಟದ ನೀರೆಲ್ಲ ಅಂಪೈರ ಮೇಲೆ. ಫೋನಿನೊಳಗಿಂದ ಗೌಡರು ಒಂದೇ ಸಮ, "ಏನಾತು? ಯಾರಾದ್ರೂ ಹೇಳ್ರಪ್ಪ, ಏನಾತು?" ಎಂದು ಅರಚುತ್ತಿದ್ದರು. ಚಾಚಾ ನಗುತ್ತಾ, ಅಳುತ್ತಾ, ಉಸಿರಿಲ್ಲದೆ, ನಡೆದದ್ದನ್ನು ಹೇಳಿದರು.

"ಸಾಬ್ರೆ, ಇದು ಮೋಸ" ಎಂದರು ಗೌಡರು. "ನಿಮ್ಮ ಮನೆಯೋರು ಬಾಯಿ ಬಿಟ್ಟಿದ್ದಕ್ಕೇ ಇರಬೇಕು, ಐಮಂಗಲದಾಗೆ ನನ್ನ ಹಕ್ಕಿನೂ ಇಳಿದದ್ದು!"

ಆ ಕಪ್ಪಿನಲ್ಲಿ ಮೊದಲು ಮಜ್ಜಿಗೆ ಕುಡಿದವರು ಚಾಚಿ. ಕುಡಿಸಿದವರು ಚಾಚಾ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಮಂಚದಿಂದ ಏಳಲಾಗದಂತಾಯಿತು. ಔಷಧಿ ಹಾಕಿ ಆ ಪೊರೆಯನ್ನು ಅಂಟಿಸಿದ್ದರಿಂದ ನೀರು ತುಂಬುವುದು ನಿಂತಿತ್ತು. ನೋವಿಗೆ ಮಾತ್ರೆ ಇತ್ತು. ಆದರೆ ದಿನೇದಿನೇ ಇಳಿದುಹೋದರು. ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದಿದ್ದರು. ಸಂಜೆ ನಾನು ಹೋದರೆ ಮೊದಲ ಮಾತು, "ಇಳಿದ್ವಾ ಟೀಚರಮ್ಮ?" ಎಲ್ಲವೂ ಇಳಿದವು ಎಂದರೆ ಕಣ್ಣು ಮುಚ್ಚುತ್ತಿದ್ದರು. ಚಳಿಗಾಲದ ಒಂದು ಬೆಳಿಗ್ಗೆ, ಚಾಚಿ ಮೇಲೆ ಕಾಳು ಎರಚಿ ಬೈಯುತ್ತಿದ್ದ ಹೊತ್ತಿನಲ್ಲೇ, ಹೋದರು. ಆ ಬೈಗುಳ ಅವರಿಗೆ ಕೊನೆಯವರೆಗೂ ಕೇಳಿಸಿರಬೇಕು ಎಂದುಕೊಂಡಿದ್ದೇನೆ…

ಅವರು ಹೇಳಿಹೋದಂತೆ ಹಕ್ಕಿಗಳನ್ನು ಗೌಡರು ಐಮಂಗಲಕ್ಕೆ ಒಯ್ದರು. ಸವತಿ ಮಾತ್ರ ಅಲ್ಲಿ ನಿಲ್ಲಲಿಲ್ಲ, ಬಿಟ್ಟ ದಿನವೇ ತಿರುಗಿ ಬಂತು. ಗೌಡರು ಫೋನು ಮಾಡಿದಾಗ ಚಾಚಿ, "ಬಂದೈತೆ. ಇರ್ಲಿ ಬಿಡ್ರಿ" ಎಂದರು. ಅದೂ ವಯಸ್ಸಾಗಿ ಹೋಗಿ ಈಗ ಕೆಲವು ವರ್ಷಗಳಾದವು. ತಾರಸಿಯ ಮೇಲೆ ಈಗ ಚಾಚಿ ಮೆಣಸಿನಕಾಯಿ ಒಣಗಿಸುತ್ತಾರೆ, ನಾನು ಸಂಡಿಗೆ ಇಡುತ್ತೇನೆ. ಯಾವುದನ್ನೂ ಯಾರೂ ಮುಟ್ಟುವುದಿಲ್ಲ.

ವರ್ಷಕ್ಕೊಮ್ಮೆ ನಾವಿಬ್ಬರೂ ಚಿತ್ರದುರ್ಗಕ್ಕೆ ಹೋಗುತ್ತೇವೆ. ಹೋದ ವಾರವೂ ಹೋಗಿದ್ದೆವು. ಅದೇ ಡಾಕ್ಟರಮ್ಮ, ಈಗ ಅವರಿಗೂ ಕನ್ನಡಕ ಬಂದಿದೆ. ಫಿಲ್ಮು ನೋಡಿ, "ಹೋದ ವರ್ಷ ಹೇಗಿತ್ತೋ ಹಾಗೇ ಇದೆ, ಹೋಗಿ ಬನ್ನಿ" ಎಂದರು. ಬರುವಾಗ ಹೊಳಲ್ಕೆರೆ ದಾಟಿದ ಮೇಲೆ ಚಾಚಿ ನನ್ನ ತೋಳು ಹಿಡಿದು ಕಿಟಕಿಯ ಕಡೆ ಎಳೆದರು. ಯಾರದೋ ಮನೆಯ ಮೇಲೆ, ತುಂಬ ಎತ್ತರದಲ್ಲಿ, ಪಾರಿವಾಳಗಳ ಗುಂಪು ಸುತ್ತುತ್ತಿತ್ತು. ಸುತ್ತು ಕಿರಿದಾಗುತ್ತಿತ್ತು. ಇಬ್ಬರೂ ತಲೆ ಹೊರಗೆ ಹಾಕಿ ನೋಡಿದೆವು. ಬಸ್ಸು ತಿರುವು ತೆಗೆದುಕೊಂಡಿತು. ಹುಣಸೆ ಮರಗಳು ಅಡ್ಡ ಬಂದವು.

ಚಾಚಿ ಸೀಟಿಗೆ ಒರಗಿದರು. "ಇಳಿಯೋದು ನೋಡ್ಬೇಕಿತ್ತು" ಎಂದರು.

ಹೌದು, ನೋಡಬೇಕಿತ್ತು. ಚಾಚಾ ಇದ್ದಿದ್ದರೆ ಬಸ್ಸು ನಿಲ್ಲಿಸುತ್ತಿದ್ದರು.